ಕಚ್ಚಿಟ್ಟ ರೊಟ್ಟಿ

ರೊಟ್ಟಿಯ ಚೀಲವನ್ನು ಕಸದ ತೊಟ್ಟಿಯೊಳಗೆ ಹಾಕುವುದಿಲ್ಲ, ಪಕ್ಕದ ಗೋಡೆಯ ಮೊಳೆಗೆ ತಗುಲಿಸುತ್ತಾರೆ. ತಾಷ್ಕೆಂಟಿನ ಆ ನಾಲ್ಕು ಮಹಡಿಯ ಕಟ್ಟಡದಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಊರಾಚೆ ಹಸು ಕುರಿ ಸಾಕಿಕೊಂಡವರು ಬಂದು ಒಯ್ಯುತ್ತಾರೆ, ಒಯ್ಯದಿದ್ದರೆ ಹಕ್ಕಿಗಳಿವೆ. ಒಣಗಿದ ತುಂಡುಗಳನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ತುರ್ಗುನ್ ಮೆಟ್ಟಿಲಿಳಿದು ಬಂದ. ಬೆಳಗಿನ ನಮಾಜು ಮುಗಿಸಿದ ಮೇಲೆ ಈ ಒಂದು ಕೆಲಸ ಅವನ ಪಾಲಿಗೆ ಉಳಿದಿತ್ತು. ಮೊದಲು ಇದನ್ನು ಹೆಂಡತಿ ಸಬಾಹತ್ ಮಾಡುತ್ತಿದ್ದಳು. ಚೀಲ ತಗುಲಿಸುವಾಗ ಯಾರಿಗೋ ಬಡಿಸುವವಳ ಹಾಗೆ ‘ಬಿಸ್ಮಿಲ್ಲಾ’ ಎನ್ನುತ್ತಿದ್ದಳು. ಅವನೂ ಹಾಗೆಯೇ ಹೇಳಿ ಕೈ ಎತ್ತಿದ. ಎತ್ತಿದ ಕೈ ಅಲ್ಲೇ ನಿಂತಿತು. ಮೊಳೆಯ ಕೆಳಗೆ, ನಿನ್ನೆ ಬರಿಯ ಸುಣ್ಣದ ಗೋಡೆಯಿದ್ದಲ್ಲಿ, ಹೊಸ ಕಾಗದವೊಂದನ್ನು ಅಂಟಿಸಿದ್ದರು. ಹಳದಿ ಬಣ್ಣದ ಮೇಲೆ ದುಂಡನೆಯ ರೊಟ್ಟಿಯ ಚಿತ್ರ, ನಡುವೆ ಅಚ್ಚಿನ ಚುಕ್ಕೆಗಳು, ಒಂದು ಅಂಚಿನಲ್ಲಿ ಕಚ್ಚಿದ ಗುರುತು. ಮೇಲೆ ‘ಉವೋಕ್’ ಎಂದು ಹೆಸರು. ರೊಟ್ಟಿಯ ಪುಡಿ ಎಂದರ್ಥ. ಸೊಸೆ ಮುಅತ್ತರ್ ವಸಂತದಿಂದ ಮಾಡುತ್ತಿದ್ದ ಆ್ಯಪ್ ಇದೇ. ಇವತ್ತು ಜನರ ಕೈಗೆ ಹೋಗುತ್ತದೆ ಎಂದು ರಾತ್ರಿ ಊಟಕ್ಕೆ ಕೂತಾಗ ಹೇಳಿದ್ದಳು. ಮನೆಯಲ್ಲಿ ಒಣಗಿದ ರೊಟ್ಟಿ ಇದ್ದವರು ಅದರಲ್ಲಿ ತಿಳಿಸಿದರೆ, ದನ ಸಾಕಿದವರು ನೋಡಿಕೊಂಡು ಬಂದು ಒಯ್ಯುತ್ತಾರೆ. ಊರಿನ ರೊಟ್ಟಿ ಮಣ್ಣಿಗೆ ಬೀಳುವುದು ನಿಲ್ಲುತ್ತದೆ. ಒಳ್ಳೆಯ ಕೆಲಸ ಎಂದು ಅವನು ಆಶೀರ್ವಾದ ಮಾಡಿದ್ದ. ಅದೇ ಒಳ್ಳೆಯ ಮನಸ್ಸಿನಿಂದ ಈಗ ಆ ಚಿತ್ರವನ್ನು ನೋಡುತ್ತಿದ್ದ. ನೋಡುತ್ತಿದ್ದಂತೆ ಅವನ ಬಲಗೈಯ ಹೆಬ್ಬೆರಳು ತಾನೇ ತಾನಾಗಿ ಅಲುಗಿತು, ಪರಿಚಯದ ಯಾವುದನ್ನೋ ತಡವುವ ಹಾಗೆ. ಕಚ್ಚಿದ ಗುರುತಿನ ನಡುವೆ ಸಣ್ಣದೊಂದು ದಿಣ್ಣೆ ಉಳಿದಿತ್ತು. ಒಂದು ಹಲ್ಲು ಅರ್ಧ ಮುರಿದಿರುವ ಬಾಯಿ ಕಚ್ಚಿದರೆ ಅಂಥ ದಿಣ್ಣೆ ಉಳಿಯುತ್ತದೆ. ಹುಡುಗಿಯಾಗಿದ್ದಾಗ ಹತ್ತಿ ಬಿಡಿಸಲು ಹೋದಲ್ಲಿ ಗಾಡಿಯ ಹಲಗೆ ಬಡಿದು ಸಬಾಹತಳ ಮುಂದಿನ ಹಲ್ಲು ಹಾಗೆ ಮುರಿದಿತ್ತು. ಅವಳು ನಗುವಾಗ ಜೀವಮಾನವಿಡೀ ಬಾಯಿಗೆ ಕೈ ಅಡ್ಡ ಹಿಡಿದದ್ದು ಆ ಹಲ್ಲಿಗಾಗಿ. ಚಿತ್ರದ ಕೆಳಗೆ ಒಂದು ಸಾಲು ಬರೆದಿತ್ತು: ‘ಕಚ್ಚಿದ ರೊಟ್ಟಿ ಇದೆ ಎಂದರೆ ಯಾರೋ ಕಾಯುತ್ತಿದ್ದಾರೆ.’ ಅದು ಅವನದೇ ಮಾತು.

“ಏನ್ ಟ್ರಾಮಣ್ಣ, ಅಷ್ಟೊತ್ತು ಓದೋಕೆ ಅಲ್ಲೇನು ಫರ್ಮಾನು ಬರೆದಿದಾರಾ?” ಎಂದು ಮಲ್ಬರಿ ಮರದ ಕೆಳಗಿನ ಬೆಂಚಿನಿಂದ ಪೋಲಾತ್ ಕೂಗಿದ. ಎರಡನೇ ಮಹಡಿಯವನು, ತುರ್ಗುನ್ ಟ್ರಾಮ್ ಓಡಿಸುತ್ತಿದ್ದ ಕಾಲದಿಂದ ಅವನನ್ನು ಹಾಗೆಯೇ ಕರೆಯುತ್ತಿದ್ದ. ಟ್ರಾಮುಗಳು ಹೋದವು, ಹಳಿಗಳನ್ನು ಕಿತ್ತರು, ಹೆಸರು ಮಾತ್ರ ಉಳಿಯಿತು. “ನಿಮ್ಮ ಸೊಸೇನೇ ಅಂಟಿಸಿ ಹೋದ್ಲು, ಕೆಲಸಕ್ಕೆ ಹೋಗುವಾಗ. ನನ್ನ ಫೋನಿಗೂ ಹಾಕ್ಕೊಟ್ಟಿದಾಳೆ ನೋಡಿ. ಮುಟ್ಟಿದ್ರೆ ಸಾಕು, ರೊಟ್ಟಿ ಬಂತು.”

ತುರ್ಗುನ್ ಚೀಲವನ್ನು ತಗುಲಿಸಿ, ಹೋಗಿ ಬೆಂಚಿನ ಅಂಚಿಗೆ ಕೂತ. ಪೋಲಾತನ ದೊಡ್ಡ ಅಂಗೈಯಲ್ಲಿ ಫೋನಿತ್ತು, ಫೋನಿನಲ್ಲಿ ಅದೇ ರೊಟ್ಟಿ, ಉಗುರಿನಷ್ಟು ಚಿಕ್ಕದು. ಅಷ್ಟು ಚಿಕ್ಕದರಲ್ಲೂ ಆ ದಿಣ್ಣೆ ಇತ್ತು.

“ಅದೆಲ್ಲ ಸರಿ, ಯಾರ್ರೀ ಇದನ್ನ ಕಚ್ಚಿರೋದು? ಇಲಿನಾ?” ಎಂದ ಪೋಲಾತ್.

ಡೊಮಿನೊ ಜೋಡಿಸುತ್ತಿದ್ದ ಗಾಫುರ್ ಕನ್ನಡಕ ಮೇಲೆತ್ತಿ ಬಾಗಿ ನೋಡಿದ. “ಇಲಿ ಹೀಗೆ ಕಚ್ಚಲ್ಲ. ಇದು ಹೆಂಗಸಿನ ಬಾಯಿ. ಅದೂ ಸೊಟ್ಟ ಹಲ್ಲಿನೋಳು. ಗಂಡನ ಮೇಲಿನ ಸಿಟ್ಟನ್ನ ರೊಟ್ಟಿ ಮೇಲೆ ತೀರಿಸ್ಕೊಂಡಿದಾಳೆ.”

“ಪಾಪ ಆ ಗಂಡ. ರೊಟ್ಟಿಗೇ ಹೀಗಾದ್ರೆ ಅವನ ಕಿವಿ ಏನಾಗಿರ್ಬೇಕು.”

ಇಬ್ಬರೂ ನಕ್ಕರು. ತುರ್ಗುನನೂ ನಕ್ಕ. ನಕ್ಕದ್ದು ಅವನ ಕಿವಿಗೇ ಕೇಳಿಸಿತು. ಬೇರೆ ಯಾರದೋ ಗಂಟಲಿನಿಂದ ಬಂದಂತಿತ್ತು, ಆದರೆ ಅವನದೇ. ನಗದೆ ಇದ್ದಿದ್ದರೆ ಏಕೆ ಎಂದು ಕೇಳುತ್ತಿದ್ದರು. ಕೇಳಿದ್ದರೆ ಹೇಳಬೇಕಾಗುತ್ತಿತ್ತು. ಅಷ್ಟಕ್ಕಾಗಿ ಹೆಂಡತಿಯ ಬಾಯಿಯನ್ನು ನೋಡಿ ಬೀದಿಯ ಬೆಂಚಿನ ಮೇಲೆ ಇಬ್ಬರು ಗಂಡಸರ ಜೊತೆ ಕೂತು ನಕ್ಕೆ ಎಂದುಕೊಂಡ. ಅವರ ತಪ್ಪಿಲ್ಲ, ಅವರಿಗೆ ಗೊತ್ತಿಲ್ಲ. ಅವಳ ಜನಾಜೆಯನ್ನು ಹೊರಲು ಮೊದಲು ಹೆಗಲು ಕೊಟ್ಟವನು ಇದೇ ಪೋಲಾತ್. “ಒಂದಾಟ ಕೂರಿ” ಎಂದು ಗಾಫುರ್ ಕರೆದ. ಮೊಣಕಾಲು ನೋವೆಂದು ಹೇಳಿ ತುರ್ಗುನ್ ಎದ್ದ. ಎದ್ದು ನಾಲ್ಕು ಹೆಜ್ಜೆ ನಡೆದ ಮೇಲೆ, ನೋವು ಯಾವ ಕಾಲಿಗೆಂದು ತೋರಿಸಬೇಕೋ ತಿಳಿಯದೆ, ಎರಡನ್ನೂ ಎಳೆಯುತ್ತಾ ಮೆಟ್ಟಿಲು ಹತ್ತಿದ.

ಅವನ ಕೋಣೆಯಲ್ಲಿ ಕಿಟಕಿಯ ಪಕ್ಕದ ಪರದೆಯ ಹಿಂದೆ ಸಬಾಹತಳ ಉಣ್ಣೆಯ ಕೋಟು ತೂಗುತ್ತಿತ್ತು. ಕೋಟಿನ ಹಿಂದೆ ಮೊಳೆ, ಮೊಳೆಯಲ್ಲಿ ಬಿಳಿಯ ಬಟ್ಟೆಯ ಚೀಲ. ಅವಳು ಕಚ್ಚಿಟ್ಟ ರೊಟ್ಟಿ ಅಲ್ಲಿಯೇ ಇತ್ತು. ಯಾರೋ ಕದ್ದಿರಬೇಕೆಂದು ಅವನಿಗೆ ಮೆಟ್ಟಿಲ ಮೇಲೆ ಯಾಕೆ ಅನ್ನಿಸಿತ್ತೋ, ಕದ್ದಿದ್ದರೇ ಸುಲಭವಾಗಿತ್ತು. ಚೀಲದೊಳಗೆ ಕೈ ಹಾಕಿ ಅಂಚನ್ನು ಹುಡುಕಿದ. ಹೆಬ್ಬೆರಳು ದಿಣ್ಣೆಯನ್ನು ಕಂಡುಕೊಂಡಿತು. ಚಳಿಗಾಲದ ಆ ಬೆಳಿಗ್ಗೆ ಆಸ್ಪತ್ರೆಗೆ ಒಯ್ಯುವ ಕಾರು ಕೆಳಗೆ ಬಂದು ನಿಂತಾಗ ಅವಳು ಬಾಗಿಲಲ್ಲಿ ತಿರುಗಿ ನಿಂತು, “ಎಲ್ರೂ ಯಾಕೆ ಹಿಂಗೆ ಮುಖ ಮಾಡ್ಕೊಂಡಿದೀರಾ? ತನ್ನಿ ಒಂದು ರೊಟ್ಟಿ. ನಾನೂ ಸೈನ್ಯಕ್ಕೆ ಹೊರಟೆ ಅಂದ್ಕೊಳ್ಳಿ” ಎಂದಿದ್ದಳು. ಸೈನ್ಯಕ್ಕೆ ಹೋಗುವ ಮಗ ಹೊಸ್ತಿಲಲ್ಲಿ ರೊಟ್ಟಿಯನ್ನು ಒಂದು ಸಲ ಕಚ್ಚಿ ಹೋಗುತ್ತಾನೆ. ಉಳಿದದ್ದನ್ನು ಗೋಡೆಗೆ ತೂಗುಹಾಕುತ್ತಾರೆ. ರೊಟ್ಟಿ ತನ್ನ ಅನ್ನದ ಋಣವನ್ನು ಹಿಡಿದು ಅವನನ್ನು ಮನೆಗೆ ಕರೆತರುತ್ತದೆ. ಮಗ ಇಲ್ಹೋಮ್ ಹಾಗೆ ಕಚ್ಚಿ ಹೋಗಿದ್ದ, ಹಾಗೆಯೇ ತಿರುಗಿ ಬಂದಿದ್ದ. ಬಂದ ದಿನ ಆ ಕಲ್ಲಿನಂಥ ರೊಟ್ಟಿಯನ್ನು ಮುರಿದು ಚಹಾದಲ್ಲಿ ನೆನೆಸಿ ಮನೆಯವರೆಲ್ಲ ತಿಂದಿದ್ದರು, ಸಬಾಹತ್ ಅಳುತ್ತಾ ಬಡಿಸಿದ್ದಳು. ಈ ಸಲ ಅವಳೇ ಕಚ್ಚಿದಳು. ಎಲ್ಲರ ಎದುರಿಗೆ, ಬಾಯಿಗೆ ಕೈ ಅಡ್ಡ ಹಿಡಿಯದೆ. ಎಳ್ಳಿನ ಒಂದು ಕಾಳು ಅವಳ ತುಟಿಯ ಮೇಲೆ ಅಂಟಿಕೊಂಡಿತ್ತು, ಅದನ್ನು ಒರೆಸಬೇಕೆಂದು ಅವನಿಗೆ ಅನ್ನಿಸಿತ್ತು, ಮಕ್ಕಳಿದ್ದರೆಂದು ಒರೆಸಲಿಲ್ಲ.

ಹೋದವರು ಬಾರದಿದ್ದರೆ ಆ ರೊಟ್ಟಿಯನ್ನು ಏನು ಮಾಡಬೇಕು? ಸಬಾಹತ್ ತೀರಿಕೊಂಡ ನಲವತ್ತನೆಯ ದಿನದ ಕುರಾನ್ ಓದು ಮುಗಿದ ಮೇಲೆ ಮಗಳು ಸಾನೋಬರ್ ಅವನ ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದ್ದಳು. “ಅದನ್ನ ಇಟ್ಕೋಬೇಡಿ ಅಪ್ಪ. ಇಟ್ಕೊಂಡ್ರೆ ಅಮ್ಮನ್ನ ದಾರೀಲಿ ನಿಲ್ಲಿಸಿದ ಹಂಗೆ. ಪುಡಿ ಮಾಡಿ ಹಕ್ಕಿಗೆ ಹಾಕ್ಬಿಡಿ. ಅವಳಿಗೂ ಬಿಡುಗಡೆ, ನಿಮಗೂ.” ಆಗಲಿ ಮಗಳೇ ಎಂದು ಅವನು ಬಾಲ್ಕನಿಗೆ ಹೋಗಿ ರೊಟ್ಟಿಯನ್ನು ಪುಡಿ ಮಾಡಿದ, ಗುಬ್ಬಿಗಳು ಬಂದವು, ಸಾನೋಬರ್ ಅಡುಗೆಮನೆಯ ಕಿಟಕಿಯಿಂದ ನೋಡುತ್ತಾ ಅತ್ತಳು. ಪುಡಿ ಮಾಡಿದ್ದು ಆ ಬೆಳಿಗ್ಗೆ ಮೂಲೆಯ ತಂದೂರಿನಿಂದ ತಂದಿದ್ದ ಬೇರೆ ರೊಟ್ಟಿ. ಅವಳ ಕಣ್ಣೀರನ್ನು ನೋಡಿದ ಮೇಲೆ ನಿಜ ಹೇಳುವ ದಾರಿ ಮುಚ್ಚಿಹೋಯಿತು. ಅಲ್ಲಾಹನಿಗೆ ಗೊತ್ತಿತ್ತು, ಗೊತ್ತಿದ್ದೂ ಸುಮ್ಮನಿದ್ದ. ಪ್ರತಿ ನಮಾಜಿನಲ್ಲಿ ತಲೆಯನ್ನು ನೆಲಕ್ಕೆ ಮುಟ್ಟಿಸುವಾಗ ಈ ಒಂದನ್ನು ನನಗೆ ಬಿಟ್ಟುಬಿಡು ಎಂದು ಅವನು ಕೇಳಿಕೊಳ್ಳುತ್ತಿದ್ದ. ಅಲ್ಲಾಹನನ್ನು ಬಿಟ್ಟರೆ ಗೊತ್ತಿದ್ದದ್ದು ಇನ್ನೊಬ್ಬರಿಗೆ ಮಾತ್ರ.

ಆ ಮಧ್ಯಾಹ್ನಗಳು ಹೇಗೆ ಶುರುವಾದವು ಎಂದು ಅವನು ಹಾಸಿಗೆಯ ಅಂಚಿನಲ್ಲಿ ಕೂತು ನೆನೆದ. ಏಪ್ರಿಕಾಟ್ ಮರಗಳು ಹೂಬಿಟ್ಟಿದ್ದವು. ಮುಅತ್ತರ್ ಚಹಾದ ಪಾತ್ರೆ ಹಿಡಿದು ಬಂದು ಎದುರಿಗೆ ಮಂಡಿಯೂರಿ ಕೂತಳು. “ನಮ್ಮ ಕೆಲಸದಲ್ಲಿ ಮೊದಲು ಯಂತ್ರ ಮಾಡಿ ಆಮೇಲೆ ಜನಕ್ಕೆ ಕೊಡೋದಲ್ಲ ಅಪ್ಪ. ಮೊದಲು ಜನದ ಹತ್ರ ಕೂತ್ಕೊಬೇಕು. ರೊಟ್ಟಿ ಉಳಿದ್ರೆ ಅವರು ಏನ್ಮಾಡ್ತಾರೆ, ಎಲ್ಲಿಡ್ತಾರೆ, ಯಾಕೆ ಬೇಜಾರು ಮಾಡ್ಕೋತಾರೆ, ಎಲ್ಲ ನೋಡ್ಬೇಕು. ಬಳಸೋರು ಮೊದಲು, ಆ್ಯಪ್ ಆಮೇಲೆ. ನಿಮ್ಮ ಹತ್ರ ಕೂತ್ಕೊಳ್ಲಾ?” ಕೂತ್ಕೊ ಎಂದ. ಮಾತು ಫೋನಿನಲ್ಲಿ ಉಳಿಯುತ್ತದೆ, ಪರವಾಗಿಲ್ಲವೇ ಎಂದಳು. ಉಳೀಲಿ ಎಂದ. ಸಬಾಹತ್ ಹೋದ ಮೇಲೆ ಆ ಮನೆಯಲ್ಲಿ ಅವನ ಎದುರಿಗೆ ಯಾರೂ ಕೂತಿರಲಿಲ್ಲ. ಮಗ ಒಳ್ಳೆಯವನು, ಬಾಗಿಲಲ್ಲಿ ನಿಂತು ಔಷಧಿ ತಗೊಂಡ್ರಾ ಎಂದು ಕೇಳಿ ಹೋಗುತ್ತಿದ್ದ. ಇವಳು ಕೂತಳು. ಮೊದಲ ದಿನ ರೊಟ್ಟಿಯ ಡಬ್ಬಿಯನ್ನು ನೋಡಿದಳು. ಇನ್ನೊಂದು ದಿನ ಫೋನಿನಷ್ಟು ಅಗಲಕ್ಕೆ ಕತ್ತರಿಸಿದ ಕಾಗದಗಳನ್ನು ತಂದು ಹರಡಿ, ಇದನ್ನೇ ಫೋನು ಅಂದ್ಕೊಂಡು ಒತ್ತಿ ಎಂದಳು. ಅವನು ಬಿಸ್ಮಿಲ್ಲಾ ಎಂದು ಒತ್ತಿದ್ದು ತಪ್ಪು ಗುಂಡಿ. ನಾಚಿಕೆಯಾಯಿತು. “ತಪ್ಪು ನಿಮ್ದಲ್ಲ ಅಪ್ಪ, ಗುಂಡಿನ ಅಲ್ಲಿಟ್ಟಿರೋ ನಮ್ದು” ಎಂದು ಅವಳು ಪೆನ್ಸಿಲಿನಿಂದ ಗುಂಡಿಯನ್ನು ಅವನ ಬೆರಳು ಹೋಗಿದ್ದ ಕಡೆಗೇ ಸರಿಸಿದಳು. ಅಷ್ಟು ವರ್ಷ ಟ್ರಾಮ್ ಓಡಿಸಿದಾಗ ಹೊಣೆಯನ್ನು ಹೀಗೆ ತನ್ನ ಮೇಲೆಳೆದುಕೊಂಡ ಒಬ್ಬ ಅಧಿಕಾರಿಯನ್ನೂ ಅವನು ಕಂಡಿರಲಿಲ್ಲ. ಮರುದಿನದಿಂದ ಮಧ್ಯಾಹ್ನಕ್ಕೆ ಕಾಯತೊಡಗಿದ. ಗಡ್ಡ ಬಾಚಿಕೊಂಡು ಕೂರುತ್ತಿದ್ದ.

ಅವಳು ಚೆನ್ನಾಗಿ ಕೇಳುತ್ತಿದ್ದಳು. ಅವನು ಮಾತು ನಿಲ್ಲಿಸಿದರೆ ತುಂಬಿಸಲು ಹೋಗುತ್ತಿರಲಿಲ್ಲ. ಸುಮ್ಮನೆ ಕೂತಿರುತ್ತಿದ್ದಳು, ಪಿಯಾಲೆಯಲ್ಲಿ ಚಹಾ ತಣ್ಣಗಾಗುತ್ತಿತ್ತು. ಅಂಥ ಒಂದು ಮೌನದಲ್ಲಿಯೇ ಅವನು ಎದ್ದು ಹೋಗಿ ಚೀಲವನ್ನು ಬಿಚ್ಚಿ ತಂದದ್ದು. ನೆಲಕ್ಕೆ ಹಾಸಿದ್ದ ಊಟದ ಬಟ್ಟೆಯ ಮೇಲೆ ರೊಟ್ಟಿಯನ್ನು ಮುಖ ಮೇಲಾಗಿ ಇಟ್ಟು, “ಸಾನೋಬರ್‌ಗೆ ಗೊತ್ತಿಲ್ಲ. ಇಲ್ಹೋಮ್‌ಗೂ ಗೊತ್ತಿಲ್ಲ” ಎಂದ. “ಎಲ್ರೂ ಬಿಟ್ಬಿಡಿ ಅಂತಾರೆ. ಕಚ್ಚಿದ ರೊಟ್ಟಿ ಇದೆ ಅಂದ್ರೆ ಯಾರೋ ಕಾಯ್ತಾ ಇದಾರೆ ಅಂತ, ಮಗಳೇ. ಇದನ್ನ ಹಕ್ಕಿಗೆ ಹಾಕ್ಬಿಟ್ರೆ ನಾನು ಕಾಯೋದನ್ನೂ ನಿಲ್ಲಿಸ್ಬೇಕಲ್ಲ.” ಅವಳ ಕಣ್ಣು ತುಂಬಿತ್ತು, ಅದು ಸುಳ್ಳಲ್ಲ. ಸ್ವಲ್ಪ ಹೊತ್ತಾದ ಮೇಲೆ, “ಒಂದು ಫೋಟೋ ತಗೊಳ್ಲಾ ಅಪ್ಪ? ನನಗೋಸ್ಕರ ಅಷ್ಟೆ” ಎಂದಳು. ಅತ್ತೆಯ ನೆನಪಿಗೆ ಕೇಳುತ್ತಿದ್ದಾಳೆ ಎಂದುಕೊಂಡು, ಬೆಳಕು ಬೀಳಲೆಂದು ಅವನೇ ಪರದೆಯನ್ನು ಸರಿಸಿ ಹಿಡಿದಿದ್ದ. ಪರದೆಯನ್ನು ಹಿಡಿದಿದ್ದ ಆ ಕೈಯನ್ನು ಈಗ ತೊಡೆಯ ಮೇಲಿಟ್ಟುಕೊಂಡು ನೋಡಿದ. ಬೇಸಿಗೆಯಲ್ಲಿ ಒಮ್ಮೆ ಅವಳು ಬಾಲ್ಕನಿಯಲ್ಲಿ ನಿಂತು ಆಫೀಸಿನ ಯಾವಳೋ ಹುಡುಗಿಗೆ ಫೋನಿನಲ್ಲಿ ಹೇಳಿಕೊಡುತ್ತಿದ್ದದ್ದು ಅವನ ಕಿವಿಗೆ ಬಿದ್ದಿತ್ತು: “ಅವರು ಸುಮ್ಮನಾದಾಗ ನೀನು ಮಾತಾಡ್ಬೇಡ ಕಣೆ. ಕಾಯ್ತಾ ಕೂತಿರು. ಒಳಗಿರೋದು ಆವಾಗ್ಲೇ ಹೊರಗೆ ಬರೋದು.” ಎಷ್ಟು ತಿಳಿದವಳು ಎಂದು ಅವನು ಅವತ್ತು ಹೆಮ್ಮೆಪಟ್ಟಿದ್ದ. ಈಗ, ಮಂಚದ ಅಂಚಿನಲ್ಲಿ ಕೂತಿದ್ದಂತೆ, ಆ ಮಾತು ಇಷ್ಟು ತಡವಾಗಿ ಬಂದು ಅವನನ್ನು ಮುಟ್ಟಿತು. ಆ ಮೌನಗಳು ಅವಳ ಕಸುಬಾಗಿದ್ದವು. ಮೀನು ಹಿಡಿಯುವವನೂ ದಡದಲ್ಲಿ ಅಷ್ಟೇ ಮರ್ಯಾದೆಯಿಂದ ಕೂತಿರುತ್ತಾನೆ.

ಮುಅತ್ತರ್ ಮಧ್ಯಾಹ್ನ ಕಳೆದ ಮೇಲೆ ಬಂದಳು. ಕೈತುಂಬ ಸಾಮಾನು: ಕ್ಯಾರೆಟ್, ಕುರಿಮಾಂಸ, ದ್ರಾಕ್ಷಿ, ಬಟ್ಟೆಯಲ್ಲಿ ಸುತ್ತಿದ ಬಿಸಿ ರೊಟ್ಟಿ. ರಾತ್ರಿ ಸಾನೋಬರ್ ಊಟಕ್ಕೆ ಬರುವವಳಿದ್ದಳು. “ಬೆಳಿಗ್ಗೆಯಿಂದ ಎಷ್ಟೊಂದು ಜನ ಹಾಕ್ಕೊಂಡ್ರು ಗೊತ್ತಾ ಅಪ್ಪ? ಸೆರ್ಗೆಲಿ ಕಡೆ ಹಸು ಸಾಕಿರೋ ಒಬ್ಬರು ಮಧ್ಯಾಹ್ನಕ್ಕೇ ಎರಡು ಗೋಣಿ ತುಂಬ್ಕೊಂಡು ಹೋದ್ರಂತೆ” ಎನ್ನುತ್ತಾ ಕ್ಯಾರೆಟ್ ಹೆರೆಯಲು ಕೂತಳು. ಅವನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ.

“ಗೋಡೆ ಮೇಲೆ ನೋಡಿದೆ” ಎಂದ.

ಕತ್ತಿ ನಿಂತಿತು. ಅವಳು ತಲೆಯೆತ್ತಲಿಲ್ಲ. “ನೀವು ಕೆಳಗೆ ಹೋಗೋದ್ರೊಳಗೆ ಹೇಳ್ಬೇಕು ಅಂತಿದ್ದೆ. ನೀವು ನಮಾಜಿಗೆ ಕೂತಿದ್ರಿ.”

“ಫೋಟೋ ನಿನಗೋಸ್ಕರ ಅಷ್ಟೆ ಅಂದಿದ್ದೆ.”

“ಹೌದು ಅಪ್ಪ.”

ಅವನು ಕಾದ. ತುಂಬಿಸಲು ಹೋಗಲಿಲ್ಲ. ಇದನ್ನು ಇವಳಿಂದಲೇ ಕಲಿತೆ ಎಂದು ಹೊಳೆದು ನಾಚಿಕೆಯಾಯಿತು, ಆದರೂ ಕಾದ.

“ಬೇರೆ ಬೇರೆ ಚಿತ್ರ ಮಾಡಿ ತೋರಿಸಿದ್ವಿ” ಎಂದು ಅವಳೇ ಶುರುಮಾಡಿದಳು. “ಎಲೆ, ಗೋಧಿ ತೆನೆ, ಹಸಿರು ಭೂಮಿ. ಯಾರ ಮನಸ್ಸಿಗೂ ಹತ್ತಲಿಲ್ಲ. ಒಂದಿನ ನನ್ನ ಫೋನಲ್ಲಿ ಇದು ಆಫೀಸಿನವರ ಕಣ್ಣಿಗೆ ಬಿತ್ತು. ಒಬ್ಬಳು ಅತ್ತೇಬಿಟ್ಲು, ಅವಳ ತಮ್ಮ ಸೈನ್ಯದಲ್ಲಿದಾನೆ. ಇದೇ ಇರಲಿ ಅಂದ್ರು. ನಾನು ಬೇಡ ಅನ್ನಬೇಕಿತ್ತು. ಅನ್ನಲಿಲ್ಲ.” ಮತ್ತೆ, ತಗ್ಗಿದ ದನಿಯಲ್ಲಿ, “ಹೆಸರು ಎಲ್ಲೂ ಹಾಕಿಲ್ಲ ಅಪ್ಪ. ಯಾರಿಗೂ ಗೊತ್ತಾಗಲ್ಲ.”

“ನನಗೆ ಗೊತ್ತಾಯ್ತು.”

“ಅಮ್ಮನಿಂದ ಇಷ್ಟು ರೊಟ್ಟಿ ಮಣ್ಣಾಗೋದು ತಪ್ಪಿದ್ರೆ ಅದು ಅವರಿಗೆ ಪುಣ್ಯ ಅಲ್ವಾ? ಅವರಿದ್ದಿದ್ರೆ ಬೇಡ ಅಂತಿದ್ರಾ?”

ಸಬಾಹತ್ ಬೇಡ ಎನ್ನುತ್ತಿರಲಿಲ್ಲವೇನೋ; ಬಾಯಿಗೆ ಕೈ ಅಡ್ಡ ಹಿಡಿದು ನಕ್ಕು, ಇದೇ ಸಿಕ್ಕಿತಾ ನಿಮಗೆ ಎನ್ನುತ್ತಿದ್ದಳೇನೋ. ಪುಣ್ಯದ ಮಾತೆತ್ತಿದವಳ ಎದುರಿಗೆ ತನ್ನ ನೋವು ಜಿಪುಣತನದ ಹಾಗೆ ಕಂಡಿತು. ಊರಿಗೆಲ್ಲ ಬರುವ ಬೆಳಕಿಗೆ ತನ್ನ ಕಿಟಕಿಯ ಪರದೆ ಅಡ್ಡ ಹಿಡಿದ ಮುದುಕನ ಹಾಗೆ. ಆದರೆ ಪರದೆಯನ್ನು ಸರಿಸಿ ಹಿಡಿದಿದ್ದವನೂ ತಾನೇ ಅಲ್ಲವೇ.

“ಸಾನೋಬರ್ ಅಕ್ಕನಿಗೆ ನಾನು ಏನೂ ಹೇಳಲ್ಲ” ಎಂದಳು ಮುಅತ್ತರ್. “ನೀವು ಹೆದರ್ಕೋಬೇಡಿ.”

ಸಮಾಧಾನಕ್ಕೆಂದೇ ಹೇಳಿದ್ದಳು. ಆದರೆ ಹೆದರ್ಕೋಬೇಡಿ ಎಂಬುದನ್ನು ಸೊಸೆಯ ಬಾಯಿಂದ, ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಾಗ, ಇವತ್ತಿನಿಂದ ಇವಳ ಕೃಪೆಯಲ್ಲಿ ಈ ಮನೆಯಲ್ಲಿ ಇರುವವನು ತಾನು ಎಂದು ಅವನಿಗೆ ಅನ್ನಿಸಿತು. ಆಗಲಿ ಎಂದು ತಲೆಯಾಡಿಸಿ, ಸಂಜೆಯ ಅಸರ್ ನಮಾಜಿಗೆ ಕೈಕಾಲು ತೊಳೆಯಲು ಹೋದ. ಬಲಗಾಲಿನ ಬದಲು ಎಡಗಾಲನ್ನು ಮೊದಲು ತೊಳೆದು, ತಪ್ಪು ತಿಳಿದು, ಮೊದಲಿಂದ ಶುರುಮಾಡಿದ.

ಸಾನೋಬರ್ ಕತ್ತಲಾಗುವ ಮೊದಲೇ ಬಂದಳು, ಗಂಡ ಊರಲ್ಲಿರಲಿಲ್ಲ. ತಂದೆಯ ಹೆಗಲಿಗೆ ಹಣೆ ಮುಟ್ಟಿಸಿ, ತಮ್ಮನನ್ನು ತೆಳ್ಳಗಾಗಿದೀಯ ಎಂದು ಬೈದು, ತಮ್ಮನ ಹೆಂಡತಿಯನ್ನು ತಬ್ಬಿಕೊಂಡಳು. ಪಲಾವಿನ ತಟ್ಟೆ ಬಂತು. ತುರ್ಗುನ್ ಹಿರಿಯರು ಕೂರುವ ಮೇಲ್ಗಡೆಯ ಜಾಗದಲ್ಲಿ ಕೂತು, ಹೊಸ ರೊಟ್ಟಿಯನ್ನು ಬಿಸ್ಮಿಲ್ಲಾ ಎಂದು ಮುರಿದು ಎಲ್ಲರ ಮುಂದೆ ಇಟ್ಟ. ಮಗಳ ಬ್ಯಾಗಿನ ಮೇಲೆ ಅವನ ಕಣ್ಣಿತ್ತು. ಅದರೊಳಗೆ ಫೋನಿತ್ತು. ತಾಯಿಯ ಎದೆಹಾಲು ಕುಡಿದವಳು, ಆ ಬಾಯಿಂದ ಲಾಲಿ ಕೇಳಿದವಳು, ಅವಳಿಗೆ ಗುರುತು ಸಿಗದೆ ಇರುತ್ತದೆಯೇ. ಗುರುತು ಸಿಕ್ಕಿದರೆ ಬಾಲ್ಕನಿಯಲ್ಲಿ ಏನನ್ನು ಪುಡಿ ಮಾಡಿದಿರಿ ಅಪ್ಪ ಎನ್ನುತ್ತಾಳೆ.

“ನಮ್ಮ ಕಟ್ಟಡದಲ್ಲೂ ಅಂಟಿಸಿದಾರೆ ಕಣೆ ನಿಮ್ಮ ರೊಟ್ಟಿನ” ಎಂದಳು ಸಾನೋಬರ್. “ಬರ್ತಾ ಬಸ್ಸಲ್ಲೂ ಒಬ್ಬ ಹುಡುಗಿ ಫೋನಲ್ಲಿ ನೋಡ್ತಿದ್ಲು. ನಮ್ಮ ಮನೆಯೋಳು ಮಾಡಿದ್ದು ಅಂತ ಹೇಳ್ಬೇಕು ಅನ್ನಿಸ್ತು, ಬಿಗುಮಾನಕ್ಕೆ ಸುಮ್ನಿದ್ದೆ.”

“ನೀನು ಸುಮ್ನಿದ್ದೆ ಅಂದ್ರೆ ಬಸ್ಸೇ ನಿಂತಿರ್ಬೇಕು” ಎಂದ ಇಲ್ಹೋಮ್.

“ಬಾಯ್ಮುಚ್ಕೊಂಡು ತಿನ್ನು. ಮುಅತ್ತರ್, ಆ ಸಾಲು ಮಾತ್ರ ನನ್ನ ಕರುಳಿಗೇ ತಾಗಿತು. ಯಾರೋ ಕಾಯ್ತಿದಾರೆ ಅಂತ ಇದೆಯಲ್ಲ, ಅದು. ನಿನಗೆ ಹೇಗೆ ಹೊಳೀತು?”

ತುರ್ಗುನ್ ಪಿಯಾಲೆಯನ್ನು ಕೆಳಗಿಟ್ಟ. ಮುಅತ್ತರ್ ಅವನ ಕಡೆ ನೋಡಲಿಲ್ಲ, ನೋಡಬಾರದೆಂದು ನೋಡಲಿಲ್ಲ.

“ನನಗೆ ಹೊಳೆದಿದ್ದಲ್ಲ ಅಕ್ಕ. ಒಬ್ಬ ಬಳಕೆದಾರರು ಹೇಳಿದ್ರು.”

“ಯಾರಂತೆ?”

“ಯಾರೋ... ವಯಸ್ಸಾದವರು. ತುಂಬ ಜನದ ಹತ್ರ ಮಾತಾಡ್ತೀವಲ್ಲ.”

ಅವಳು ಕೊಟ್ಟ ಮಾತನ್ನು ಉಳಿಸಿಕೊಂಡಳು. ಅದು ಅವನಿಗೂ ಗೊತ್ತಾಯಿತು. ಆದರೆ ಬೆಳಗಿನಿಂದ ಎಲ್ಲೆಲ್ಲಿಯೋ ಚುಚ್ಚುತ್ತಿದ್ದದ್ದು ಈಗ ಒಂದೇ ಕಡೆ ನಾಟಿತು. ಯಾರೋ. ವಯಸ್ಸಾದವರು. ಗಡ್ಡ ಬಾಚಿಕೊಂಡು ಮಧ್ಯಾಹ್ನಕ್ಕೆ ಕಾದವನು, ಮಗಳೇ ಎಂದು ಕರೆದವನು, ಯಾರೋ. ಸಾನೋಬರ್ ದೊಡ್ಡ ಉಸಿರು ಬಿಟ್ಟಳು. “ನನಗೆ ಅಮ್ಮನ ರೊಟ್ಟಿ ನೆನಪಾಯ್ತು. ಅಪ್ಪ ಅವತ್ತು ಹಕ್ಕಿಗೆ ಹಾಕಿದ್ದು. ಪಾಪ, ಆ ಮುದುಕರಿಗೂ ಯಾರಾದ್ರೂ ಹೇಳ್ಬೇಕಿತ್ತು ಬಿಡಿ, ನಮ್ಮಪ್ಪನ ಹಂಗೆ ಗಟ್ಟಿ ಮನಸ್ಸು ಮಾಡಿ ಅಂತ.” ಅವಳು ತಂದೆಯ ಕೈ ಮುಟ್ಟಿದಳು. ಅವಳ ಕಣ್ಣಲ್ಲಿ ಇದ್ದದ್ದು ಹೆಮ್ಮೆ. ಚಿತ್ರವನ್ನು ಅವಳು ನೋಡಿದ್ದಳು, ಮತ್ತೆ ಮತ್ತೆ ನೋಡಿದ್ದಳು, ಬಸ್ಸಿನಲ್ಲೂ ನೋಡಿದ್ದಳು. ತಾಯಿಯ ಬಾಯಿಯ ಗುರುತು ಅವಳಿಗೆ ಸಿಕ್ಕಿರಲಿಲ್ಲ.

ಹೆದರಿಕೆ ಕಳೆಯಿತು. ಅದು ಕಳೆದ ಜಾಗದಲ್ಲಿ ಏನೂ ಇರಲಿಲ್ಲ. ತುರ್ಗುನ್ ಎದ್ದು ತನ್ನ ಕೋಣೆಗೆ ಹೋದ. ಕೋಟನ್ನು ಸರಿಸಿ ಚೀಲವನ್ನು ಮೊಳೆಯಿಂದ ಇಳಿಸಿದ. ದೀಪ ಹಾಕಲಿಲ್ಲ. ರೊಟ್ಟಿಯನ್ನು ಸಬಾಹತಳ ಶಾಲಿನಲ್ಲಿ ಸುತ್ತಿ, ಸದ್ದಾಗದ ಹಾಗೆ ಮಂಡಿಗೆ ಒತ್ತಿ ಮುರಿದ. ಮುರಿಯುವ ಮೊದಲು ಏನಾದರೂ ಹೇಳಬೇಕೆನಿಸಿತು. ಬಿಸ್ಮಿಲ್ಲಾ ಬಿಟ್ಟು ಬೇರೆ ಬರಲಿಲ್ಲ. ಕಚ್ಚಿದ ಅಂಚಿನ ತುಂಡನ್ನು ಬೇರೆಯಾಗಿ ಅಂಗೈಯಲ್ಲಿಟ್ಟುಕೊಂಡ. ಉಳಿದದ್ದನ್ನು ಬಟ್ಟಲಿಗೆ ಹಾಕಿ ತಂದು ಊಟದ ಬಟ್ಟೆಯ ನಡುವೆ ಇಟ್ಟ.

“ಇದೇನಪ್ಪ?” ಎಂದಳು ಸಾನೋಬರ್.

“ಒಣಗಿದ ರೊಟ್ಟಿ. ಮನೇಲೇ ಇತ್ತು. ಚಹಾದಲ್ಲಿ ಅದ್ಕೊಂಡು ತಿನ್ನೋಣ.”

ಇಲ್ಹೋಮ್ ನಕ್ಕ. “ಮೊದಲನೇ ದಿನಾನೇ ಅಪ್ಪ ನಿನ್ನ ಅಂಗಡಿ ಮುಚ್ಚಿಸ್ತಿದಾರೆ ನೋಡು ಮುಅತ್ತರ್.”

ಎಲ್ಲರೂ ಕೈ ಹಾಕಿದರು. ಹಿರಿಯರು ಕೊಟ್ಟ ರೊಟ್ಟಿಯನ್ನು ಬೇಡವೆನ್ನುವುದಿಲ್ಲ. ಸಾನೋಬರ್ ತುಂಡನ್ನು ಚಹಾದಲ್ಲಿ ಅದ್ದಿ ಬಾಯಿಗಿಟ್ಟು, ಇನ್ನೂ ಎಳ್ಳಿನ ವಾಸನೆ ಹೋಗಿಲ್ಲ ಎಂದಳು. ತುರ್ಗುನ್ ಅಂಗೈ ಬಿಚ್ಚಿ ಒಳಗಿದ್ದ ತುಂಡನ್ನು ಮುಅತ್ತರಳ ಮುಂದಿಟ್ಟ. ಅಂಚು ಅವಳ ಕಡೆಗೆ ತಿರುಗಿತ್ತು. ಅವಳು ನೋಡಿದಳು. ಎಷ್ಟು ದಿ‌ನ ಆ ಅಂಚನ್ನು ದೊಡ್ಡದು ಮಾಡಿ, ಚಿಕ್ಕದು ಮಾಡಿ, ಗೆರೆ ತಿದ್ದಿ ನೋಡಿದ್ದಳೋ. ಆ ಮನೆಯಲ್ಲಿ ಅವನನ್ನು ಬಿಟ್ಟರೆ ಅದನ್ನು ಗುರುತಿಸಬಲ್ಲವಳು ಅವಳೊಬ್ಬಳೇ.

“ತಿನ್ನು ಮಗಳೇ” ಎಂದ ತುರ್ಗುನ್.

ಅವಳು ಎರಡೂ ಕೈಯಲ್ಲಿ ಅದನ್ನೆತ್ತಿ, ಕಣ್ಣಿಗೆ ಮುಟ್ಟಿಸಿ, ಚಹಾದಲ್ಲಿ ಅದ್ದದೆ ಹಾಗೆಯೇ ಬಾಯಿಗಿಟ್ಟುಕೊಂಡಳು. ಕಲ್ಲು ಒಡೆದಂಥ ಸದ್ದು ಎಲ್ಲರಿಗೂ ಕೇಳಿಸಿತು.

“ಅದ್ಕೊಂಡು ತಿನ್ನೇ ಹುಡುಗಿ, ಹಲ್ಲು ಮುರಿದೀತು” ಎಂದು ಸಾನೋಬರ್ ನಕ್ಕಳು.

ಮುಅತ್ತರ್ ಅಗಿದಳು. ಕಣ್ಣಿಂದ ನೀರು ಇಳಿಯುತ್ತಿತ್ತು, ಗಟ್ಟಿ ರೊಟ್ಟಿಗೆ ಎಂದು ಉಳಿದವರು ತಿಳಿದರು. ತನಗೆ ಈಗ ಏನೋ ಆಗುತ್ತದೆ, ಸೇಡಿನ ತೃಪ್ತಿಯೋ ಹಗುರವೋ ಏನಾದರೂ ಒಂದು ಎಂದು ತುರ್ಗುನ್ ಕಾದ. ಬಾಯಲ್ಲಿ ರೊಟ್ಟಿಯ ರುಚಿ ಮಾತ್ರ ಇತ್ತು. ಬಟ್ಟಲು ಖಾಲಿಯಾಯಿತು. ಹಿರಿಯನೆಂದು ಅವನೇ ಕೈ ಎತ್ತಿ, ಹೋದವರಿಗೆ ಶಾಂತಿ ಕೊಡು ಎಂದು ಬೇಡಿ ಮುಖಕ್ಕೆ ಅಂಗೈ ಸವರಿಕೊಂಡ. ಬಲ ಅಂಗೈಯಲ್ಲಿ ಒಂದು ಎಳ್ಳಿನ ಕಾಳು ಅಂಟಿಕೊಂಡಿತ್ತು.

ಸಾನೋಬರಳನ್ನು ಬಸ್ಸಿಗೆ ಹತ್ತಿಸಿ ಬರಲು ಇಲ್ಹೋಮ್ ಹೋದಾಗ ಮುಅತ್ತರ್ ಪಾತ್ರೆ ತೊಳೆಯುತ್ತಿದ್ದವಳು ನೀರನ್ನು ನಿಲ್ಲಿಸಿದಳು. “ನಾಳೆ ಬೆಳಿಗ್ಗೆ ಹೇಳಿ ತೆಗೆಸ್ಬಿಡ್ತೀನಿ ಅಪ್ಪ. ಬೇರೆ ಚಿತ್ರ ಹಾಕಿಸ್ತೀನಿ. ಅವರು ಒಪ್ಪದಿದ್ರೆ ಕೆಲಸಾನೇ ಬಿಡ್ತೀನಿ. ನನ್ನ ಫೋನಲ್ಲಿರೋದನ್ನೂ ಅಳಿಸ್ತೀನಿ, ಈಗಲೇ, ನಿಮ್ಮೆದುರಿಗೆ.” ಒದ್ದೆ ಕೈಯಿಂದಲೇ ಫೋನೆತ್ತಿದಳು. ಇಡೀ ದಿನ ಅವನು ಬಯಸಿದ್ದು ಈ ಮಾತನ್ನೇ. ಈಗ ಅದನ್ನು ಕೇಳುತ್ತಿದ್ದಂತೆ ಅವನು ತನ್ನ ಕೋಣೆಯ ಕಡೆ ನೋಡಿದ. ಮೊಳೆ ಬರಿದಾಗಿತ್ತು. ಬಟ್ಟಲು ಬರಿದಾಗಿತ್ತು. ಸಬಾಹತಳ ಬಾಯಿ ಈ ಲೋಕದಲ್ಲಿ ಇನ್ನು ಉಳಿದದ್ದು ಈ ಹುಡುಗಿಯ ಕೈಯಲ್ಲಿ, ಕಸದ ತೊಟ್ಟಿಯ ಗೋಡೆಯ ಮೇಲೆ, ಬಸ್ಸಿನಲ್ಲಿ ಕೂತ ಯಾರದೋ ಫೋನಿನಲ್ಲಿ. ಹಾಗೆ ಮಾಡಿದವನು ತಾನೇ.

“ಬೇಡ” ಎಂದ. “ಇರಲಿ.”

ಅವಳು ಅವನ ಮುಖ ನೋಡಿದಳು. ಅವಳ ಮುಖ ಅರಳಿತು, ಬಾಗಿ ಅವನ ಕೈಯನ್ನು ಹಣೆಗೊತ್ತಿಕೊಂಡು ಅತ್ತಳು. ಕ್ಷಮಿಸಿದ್ದಾರೆ ಎಂದುಕೊಂಡಳು. ಹಾಗಲ್ಲ ಎಂದು ಹೇಳಲು ಅವನಿಗೆ ಶಕ್ತಿಯಿರಲಿಲ್ಲ. ಹಾಗಲ್ಲದಿದ್ದರೆ ಏನು ಎಂದೂ ತಿಳಿದಿರಲಿಲ್ಲ. ಕೈಯನ್ನು ಅವಳ ಹಣೆಯ ಮೇಲೆ ಇರಗೊಟ್ಟ.

ಬೆಳಗಿನ ಜಾವ ಮಸೀದಿಗೆ ಹೊರಟವನು ತೊಟ್ಟಿಯ ಹತ್ತಿರ ನಿಂತ. ಬೆಂಚು ಖಾಲಿಯಿತ್ತು, ಮಲ್ಬರಿ ಮರದಲ್ಲಿ ಹಕ್ಕಿಗಳು ಇನ್ನೂ ಎದ್ದಿರಲಿಲ್ಲ. ಮೊಳೆಗೆ ಯಾರೋ ಆಗಲೇ ದೊಡ್ಡ ಚೀಲವೊಂದನ್ನು ತಗುಲಿಸಿ ಹೋಗಿದ್ದರು. ಅದು ಕಾಗದದ ಮೇಲೆ ಅಡ್ಡಲಾಗಿ ಬಿದ್ದು, ರೊಟ್ಟಿಯ ಕಚ್ಚಿದ ಅಂಚನ್ನು ಪೂರ್ತಿ ಮುಚ್ಚಿತ್ತು, ಬಾಯಿಗೆ ಕೈ ಅಡ್ಡ ಹಿಡಿದ ಹಾಗೆ. ಅವನು ಅತ್ತಿತ್ತ ನೋಡಿದ. ಯಾರೂ ಇರಲಿಲ್ಲ. ಬಿಸ್ಮಿಲ್ಲಾ ಎಂದು ಚೀಲವನ್ನೆತ್ತಿ, ಆಚೆಗಿದ್ದ ಇನ್ನೊಂದು ಮೊಳೆಗೆ ತಗುಲಿಸಿದ.